ನಿಮ್ಮ ದುಡ್ಡಿನ ಲೆಕ್ಕ ನಿಮ್ಮವ್ವನಿಗೆ ಗೊತ್ತಿದೆಯೇ?



ಸಂಜೆ ಏಳಕ್ಕೆ ಮಾರತ್ತಹಳ್ಳಿ ಸೇತುವೆಯ ಬಳಿ ನಿಂತು ನೋಡಿ. ಹಾಸನ, ರಾಯಚೂರು, ಚಾಮರಾಜನಗರದಿಂದ ಬಂದ ನಮ್ಮ ಹುಡುಗ ಹುಡುಗಿಯರು ಕಂಪನಿ ಬಸ್ಸಿನಿಂದಿಳಿದು ಪಿಜಿಗಳತ್ತ ನಡೆಯುತ್ತಾರೆ. ಎಲ್ಲರ ಕೈಯಲ್ಲೂ ಒಂದು ಫೋನು. ಸಂಬಳ, ಪಿಎಫ್, ಷೇರು, ವಿಮೆ ಎಲ್ಲವೂ ಅದರೊಳಗೆ. ನಾಳೆ ಇದೇ ರಸ್ತೆಯಲ್ಲಿ ನಿಮಗೇನಾದರೂ ಆದರೆ? ಅಪಶಕುನ ನುಡಿಯಬೇಡಿ ಎನ್ನುತ್ತೀರಾ? ನುಡಿಯದಿದ್ದರೆ ಸಾವು ಬಾರದೇ?

ಮಗ ಬೆಂಗಳೂರಲ್ಲಿ 'ಕಂಪ್ಯೂಟರ್ ಕೆಲಸ'ದಲ್ಲಿದ್ದಾನೆ ಎಂದಷ್ಟೇ ಊರಿನ ಅವ್ವನಿಗೆ ಗೊತ್ತು. ಯಾವ ಬ್ಯಾಂಕು, ಎಷ್ಟು ಖಾತೆ? ಗೊತ್ತಿಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತವೆ. 2014ರಿಂದ ಇದೇ ಪದ್ಧತಿ. ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು; ಹುಡುಕಲೆಂದೇ 2023ರಲ್ಲಿ 'ಉದ್ಗಮ್' ಜಾಲತಾಣ ಬಂದಿದೆ. ಆದರೆ ದುಡ್ಡಿದೆಯೆಂದೇ ತಿಳಿಯದ ತಾಯಿ ಏನೆಂದು ಹುಡುಕಬೇಕು?

"ಪಿನ್ ತಮ್ಮನಿಗೆ ಹೇಳಿದ್ದೇನೆ, ಸಾಕು" ಎನ್ನುವವರಿದ್ದೀರಿ. ಸಾಲದು! ಪಿನ್ ಬೀಗದ ಕೈ ಅಷ್ಟೇ, ಹಕ್ಕುಪತ್ರವಲ್ಲ. ಸತ್ತವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವುದು ಕಾನೂನಿನ ದಾರಿಯಲ್ಲ. ಉಳಿದ ವಾರಸುದಾರರು ತಕರಾರು ಎತ್ತಿದರೆ ಸಿಕ್ಕಿಬೀಳುವವನು ಆ ತಮ್ಮನೇ.

ಹಾಗಾದರೆ ಮಾಡುವುದೇನು?

ಮೊದಲು ಪಟ್ಟಿ ಬರೆಯಿರಿ. ಬ್ಯಾಂಕು, ಶಾಖೆ, ವಿಮೆ, ಪಿಎಫ್ ಸಂಖ್ಯೆ, ಸಾಲ ಎಲ್ಲ ಇರಲಿ. ಪಾಸ್‌ವರ್ಡ್ ಮಾತ್ರ ಬೇಡ. ಪಟ್ಟಿ ಕನ್ನಡದಲ್ಲಿರಲಿ, ಓದಬೇಕಾದವರು ನಿಮ್ಮ ಮ್ಯಾನೇಜರ್ ಅಲ್ಲ, ನಿಮ್ಮ ಮನೆಯವರು. ಮೇಲ್, ಫೋಟೋಗಳು ನಿಮ್ಮ ನಂತರ ಯಾರಿಗೆ ಸಿಗಬೇಕೆಂದು ಹೇಳಿಡುವ ವ್ಯವಸ್ಥೆ ಗೂಗಲ್‌ನಲ್ಲಿ 2013ರಿಂದ, ಆ್ಯಪಲ್‌ನಲ್ಲಿ 2021ರಿಂದ ಇದೆ. ಬಳಸಿಕೊಳ್ಳಿ.

ಎರಡನೆಯದು ನಾಮಿನಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ಹೆಸರಿಸಬಹುದು. ಪಿಎಫ್‌ನಲ್ಲಿ ಮದುವೆಗೆ ಮುಂಚೆ ಕೊಟ್ಟ ನಾಮಿನಿ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಕೊಡಬೇಕು. ಬ್ಯಾಂಕಿನಲ್ಲಿ ಕನ್ನಡ ಫಾರಂ ಕೇಳಿ. ಗ್ರಾಹಕರ ಫಾರಂಗಳಲ್ಲಿ ಆಯಾ ನಾಡಿನ ಭಾಷೆಯೂ ಇರಬೇಕೆಂಬುದು ರಿಸರ್ವ್ ಬ್ಯಾಂಕಿನದೇ ನಿಯಮ. ಭಿಕ್ಷೆಯಲ್ಲ, ಹಕ್ಕು!

ಮೂರನೆಯದು ಉಯಿಲು. ನಾಮಿನಿಯಾದ ಮಾತ್ರಕ್ಕೆ ಹಣ ಅವರದಾಗುವುದಿಲ್ಲ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ಸತ್ತ ಅವಿವಾಹಿತ ಮಗನ ಗಳಿಕೆ ತಾಯಿ ಇದ್ದರೆ ಪೂರ್ತಿ ತಾಯಿಗೆ, ತಂದೆಗೆ ಪಾಲಿಲ್ಲ. ಹೆಣ್ಣುಮಕ್ಕಳೇ, ನೀವೂ ಕೇಳಿ. ಗಂಡ, ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ದುಡಿದ ದುಡ್ಡು ಹೆತ್ತವರಿಗಿಂತ ಮೊದಲು ಗಂಡನ ಕಡೆಯವರಿಗೆ!

ಉಯಿಲಿಗೆ ಛಾಪಾ ಕಾಗದ ಬೇಡ, ಇಂಗ್ಲಿಷ್ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆ, ಕನ್ನಡ, ನಿಮ್ಮ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ, ಇಷ್ಟು ಸಾಕು. ಆಸ್ತಿ ಪಡೆಯುವವರು ಸಾಕ್ಷಿಯಾಗದಿದ್ದರೆ ಒಳ್ಳೆಯದು.

ಮುಂದಿನ ಸಲ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸ್ ಜೊತೆ ಈ ಲಕೋಟೆಯನ್ನೂ ಒಯ್ಯಿರಿ. ಅವ್ವನ ಬೀರುವಿನಲ್ಲಿಡಿ. ಎಲ್ಲಿದೆಯೆಂದು ಹೇಳಿ ಬನ್ನಿ. ಬೆವರು ಸುರಿಸಿ ದುಡಿದದ್ದು ಬೀಗದೊಳಗೆ ಕೊಳೆಯಬಾರದು.