ಎರಡಕ್ಷರದ ಹೆಸರು ಬೇಕಂತೆ

ಮಗುವಿಗೆ ಹೆಸರು ಹುಡುಕುವವರ ಕೈಗೆ ಈಗ ಆಫ್ರಿಕಾ ಸಿಕ್ಕಿದೆ. ಹೆಸರು ಚಿಕ್ಕದಿರಬೇಕು, ಅಪಾರ್ಟ್‌ಮೆಂಟಿನಲ್ಲಿ ಇನ್ನೊಬ್ಬರಿಗೆ ಇರಬಾರದು, ನಾಳೆ ಅಮೆರಿಕದವರ ನಾಲಿಗೆಗೂ ಒಗ್ಗಬೇಕು. ನನ್ನ ಟೀಮಿನ ಹುಡುಗರು ಪ್ರಾಜೆಕ್ಟಿಗೆ ಬರೆಯುವ ಹಾಗೆ ಹೆಸರಿಗೂ ರಿಕ್ವೈರ್‌ಮೆಂಟ್ ಬರೆಯುತ್ತಾರೆ. ಹುಡುಕಿದರೆ ಎವೆ ಎಂಬ ಜನಾಂಗದ ಹೆಸರುಗಳ ಪಟ್ಟಿ ಸಿಗುತ್ತದೆ: ಸೆನಾ, ಎಡೆಮ್, ಜಿಫಾ. ಪಕ್ಕದಲ್ಲಿ ಒಂದೊಂದೇ ಪದದ ಅರ್ಥ. ಈ ಪಟ್ಟಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎವೆ ಜನ ಘಾನಾದ ಆಗ್ನೇಯ ಭಾಗದವರು, ಟೋಗೋದ ದಕ್ಷಿಣದವರು. ಅವರ ಎಷ್ಟೋ ಹೆಸರುಗಳು ಪದಗಳಲ್ಲ, ಇಡೀ ವಾಕ್ಯಗಳು. ಮಾವುಲಿ ಎಂದರೆ 'ದೇವರಿದ್ದಾನೆ' (ನಮ್ಮ ಮಾವಿಗೂ ಇದಕ್ಕೂ ಸಂಬಂಧವಿಲ್ಲ). ಎಡೆಮ್ ಎಂದರೆ 'ಅವನು ನನ್ನನ್ನು ಪಾರುಮಾಡಿದ'. ಯಾವುದರಿಂದ ಎಂಬುದು ಆ ಮನೆಗೆ ಗೊತ್ತು. ಜಿಫಾ ಎದುರು ಪಟ್ಟಿಯಲ್ಲಿ 'ಶಾಂತಿ' ಎಂದಿರುತ್ತದೆ. ಜಿ ಅಂದರೆ ಹೃದಯ, ಫಾ ಅಂದರೆ ತಣ್ಣಗಾಗು. ನಮ್ಮ ಅಜ್ಜಿಯರು 'ಎದೆ ತಣ್ಣಗಾಯ್ತು ಕಣೋ' ಅನ್ನುತ್ತಿದ್ದರಲ್ಲ, ಅದು. ಅದನ್ನು 'ಶಾಂತಿ' ಎಂದು ಬರೆದರೆ ಉಳಿದದ್ದೇನು?

ವಾರದ ಹೆಸರುಗಳೂ ಇವೆ. ಸೋಮವಾರ ಹುಟ್ಟಿದವನು ಕೋಜೊ, ಹುಡುಗಿಯಾದರೆ ಅಜೊ. ಮಂಗಳವಾರ ಕೋಬ್ಲಾ, ಅಬ್ಲಾ. ಬುಧವಾರ ಕೋಕು, ಅಕು. ಒಂದೇ ಬೀದಿಯಲ್ಲಿ ಹತ್ತು ಕೋಕುಗಳಿದ್ದರೂ ಯಾರಿಗೂ ಅದು ಕೊರತೆಯಲ್ಲ. 'ಯೂನಿಕ್' ಎಂಬ ನಮ್ಮ ಹಪಾಹಪಿ ಅಲ್ಲಿ ನಡೆಯುವುದಿಲ್ಲ.

ಪಟ್ಟಿ ಮಾಡುವವರು ಜಾಣತನದಿಂದ ಬಿಟ್ಟುಬಿಡುವ ಹೆಸರೊಂದಿದೆ: ಅಡುಕ್ಪೊ, ಅಂದರೆ ಕಸದ ಗುಡ್ಡೆ. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡ ಮನೆಯಲ್ಲಿ, ಸಾವು ಇದನ್ನಾದರೂ ಬೇಡವೆಂದು ಬಿಟ್ಟುಹೋಗಲಿ ಎಂದು ಇಟ್ಟ ಹೆಸರು. ತಿಪ್ಪ, ತಿಪ್ಪಮ್ಮ ಎಂದು ಹೆಸರಿಟ್ಟ ನಮ್ಮ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮಗೆ, ಪುಣೆಯ ಹತ್ತನೇ ಮಹಡಿಯವರಿಗೆ, ಹೇಳಬೇಕಾಗಿದೆ.

ಈ ಹೆಸರುಗಳು ಪುಕ್ಕಟೆ ಉಳಿದು ಬಂದವೂ ಅಲ್ಲ. ಮಿಷನರಿಗಳ ಜೊತೆ ಯೂರೋಪಿನ ಹೆಸರುಗಳು ಬಂದವು. 1964ರಲ್ಲಿ ಮೊದಲ ಸಂಕಲನ ತಂದಾಗ ಜಾರ್ಜ್ ಅವೂನರ್-ವಿಲಿಯಮ್ಸ್ ಆಗಿದ್ದ ಎವೆ ಕವಿ, ಆಮೇಲೆ ಅದನ್ನು ಕಳಚಿಟ್ಟು ಕೋಫಿ ಅವೂನರ್ ಆದರು. ಕೋಫಿ ಅಂದರೆ ಶುಕ್ರವಾರದವ.

'ನಮ್ಮ ಮಗುವಿಗೆ ಹೆಸರಿಡಲು ನಿಮ್ಮ ಅಪ್ಪಣೆ ಬೇಕಾ ಸರ್?' ಅನ್ನುತ್ತೀರಿ. ಖಂಡಿತ ಬೇಡ. ಆದರೆ ನಿಮ್ಮ ಎಡೆಮ್ ದೊಡ್ಡವನಾಗಿ, ಅಕ್ರಾದ ಸಹೋದ್ಯೋಗಿಯೊಬ್ಬ ಕಾಲ್‌ನಲ್ಲಿ ಅಕ್ಕರೆಯಿಂದ 'ನಿನ್ನನ್ನು ದೇವರು ಯಾವುದರಿಂದ ಪಾರುಮಾಡಿದ?' ಎಂದು ಕೇಳಿದರೆ, ಅವನು ಹೇಳಬೇಕಾದ್ದು ಇಷ್ಟೇ: 'ಫಾರ್ಮ್ ತುಂಬೋಕೆ ಸುಲಭ ಅಂತ ಇಟ್ರು.'