ಟ್ಯೂಬ್ ತಿರುವಿ ಓದ್ರಿ

ಭೀಮರಾಯನಗುಡಿಯ ಬಂಧುಗಳೇ,

ಕಾಲುವೆ ದಂಡೆಯ ಕಾಂಗ್ರೆಸ್ ಹುಲ್ಲು ನಮಗ್ಯಾರಿಗೂ ಹೊಸದಲ್ಲ. ಅದರ ಒಣಪುಡಿ ಗಾಳಿಯಲ್ಲಿ ತೂರಿ ಬಂದು ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂತರೆ ಕೆಲವರಿಗೆ ರಾತ್ರಿಯೆಲ್ಲ ಕೆರೆತ. ಬರಬರುತ್ತ ಚರ್ಮ ದಪ್ಪಗಾಗಿ ಬಿರಿಯುತ್ತದೆ. ಆಗ ಅಂಗಡಿಗೆ ಹೋಗಿ ‘ಏನರ ತಣ್ಣಂದು ಕೊಡ್ರಿ’ ಅಂತೇವೆ. ಡಬ್ಬಿಯ ಮೇಲೆ ಎಲೆ, ಹೂವಿನ ಚಿತ್ರ ಇದ್ದರೆ ನಂಬಿಕೆ ಇನ್ನೂ ಜಾಸ್ತಿ.

ಆ ಹೂವು ಯಾವುದು, ನೋಡಿದ್ದೀರಾ? ಕ್ಯಾಮೊಮೈಲ್, ಆರ್ನಿಕಾ ಇವೆಲ್ಲ ಸೇವಂತಿಗೆ ಕುಲದವು. ಕಾಂಗ್ರೆಸ್ ಹುಲ್ಲಿನದೂ ಅದೇ ಕುಲ. ಹುಲ್ಲಿಗೆ ಒಮ್ಮೆ ಕೆರಳಿದ ಮೈ ಅದರ ದಾಯಾದಿಗಳಿಗೂ ಕೆರಳಬಹುದು. ಹರ್ಬಲ್ ಎಂಬ ಮಾತ್ರಕ್ಕೆ ಸೌಮ್ಯವಲ್ಲ. ವಿಷಯ ಹೂವಿಗೇ ಮುಗಿಯುವುದಿಲ್ಲ. ಘಮಘಮಿಸಲು ಹಾಕುವ ಸುಗಂಧ ಅಲರ್ಜಿಗೆ ದೊಡ್ಡ ಕಾರಣ. ಕ್ರೀಮ್ ಕೆಡದಂತೆ ಬೆರೆಸುವ ಮೀಥೈಲ್‌ಐಸೋಥಯಜೋಲಿನೋನನ್ನು ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಬಳಸಬಾರದೆಂದು ಯುರೋಪ್ ಒಕ್ಕೂಟ 2017ರಲ್ಲೇ ತಡೆದಿದೆ. ಯೂರಿಯಾ ಇರುವ ಕ್ರೀಮ್ ಒಡೆದ ಹಿಮ್ಮಡಿಗೆ ಒಳ್ಳೆಯದೇ (ಹೌದು, ಗದ್ದೆಗೆ ಎರಚುವ ಆ ಯೂರಿಯಾನೇ, ಶುದ್ಧ ಮಾಡಿದ್ದು). ಆದರೆ ಕೆರೆದು ಹಸಿಯಾದ ಜಾಗಕ್ಕೆ ತಾಗಿದರೆ ಚುರ್ ಅಂತದೆ. ಅದು ಅಲರ್ಜಿಯಲ್ಲ, ಬರೀ ಉರಿ.

ಟ್ಯೂಬಿನ ಹಿಂಬದಿಯ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣವು, ಅದೂ ಇಂಗ್ಲಿಷಿನಲ್ಲಿ. ಕೃಷಿ ಕಾಲೇಜಿನ ತಮ್ಮ ತಂಗಿಯರೇ, ಈ ಸೇವಂತಿಗೆ ಕುಲಕ್ಕೆ ‘ಆಸ್ಟರೇಸಿ’ ಅಂತ ಪರೀಕ್ಷೆಗೆ ಬರೆಯುತ್ತೀರಲ್ಲ, ಪಕ್ಕದ ಮನೆ ಅವ್ವನ ಡಬ್ಬಿಯನ್ನೂ ಒಮ್ಮೆ ಓದಿ ಹೇಳಿ. ಫ್ರೇಗ್ರೆನ್ಸ್, ಪರ್ಫ್ಯೂಮ್ ಅಂತ ಕಂಡರೆ ಕೆರೆತದ ಚರ್ಮಕ್ಕೆ ಅದು ಬೇಡ ಅನ್ನಿ. ಹೊಸ ಕ್ರೀಮ್ ತಂದವರು ನೇರ ಮುಖಕ್ಕೆ ಬಳಿಯಬೇಡಿ. ಮೊಣಕೈ ಒಳಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಕೆಂಪಾಗಿ ತುರಿಸಿದರೆ ಅಲ್ಲಿಗೇ ಬಿಡಿ. ವಾಸನೆಯಿಲ್ಲದ ಬರೀ ಪೆಟ್ರೋಲಿಯಂ ಜೆಲ್ಲಿ ಸಾಕಷ್ಟು ಜನಕ್ಕೆ ಸಾಲುತ್ತದೆ.

ಔಷಧಿ ಅಂಗಡಿಯ ಅಣ್ಣಂದಿರಲ್ಲಿ ಒಂದು ಕೋರಿಕೆ. ಹಲವು ಸ್ಟೆರಾಯ್ಡ್ ಮುಲಾಮುಗಳನ್ನು 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಲಾಗಿದೆ. ಎರಡು ದಿನದಲ್ಲಿ ತುರಿಕೆ ನಿಂತಿತೆಂದು ಗಿರಾಕಿ ಮತ್ತೆ ಅದನ್ನೇ ಕೇಳುತ್ತಾನೆ. ತಿಂಗಳುಗಟ್ಟಲೆ ಹಚ್ಚಿದ ಮುಖದ ಚರ್ಮ ತೆಳುವಾಗಿ ಬಿಸಿಲಿಗೆ ಉರಿಯತೊಡಗುತ್ತದೆ. ಚೀಟಿ ಕೇಳಿ.

ಕಣ್ಣು ಬಾತು ಡಾಕ್ಟರ ಹತ್ತಿರ ಹೊರಟವರು, ಹಚ್ಚಿದ ಟ್ಯೂಬನ್ನು ತಿಪ್ಪೆಗೆ ಎಸೆಯದೆ ಸಂಗಡ ಒಯ್ಯಿರಿ.