ಪಾಠ ಕಿತ್ತು ಹಾಕಿದರೆ ಆಟ ಉಳಿಯುತ್ತಾ?

ಮಕ್ಕಳಿಗೆ ಕಲಿಕೆಯ ಗೇಮ್ ಡಿಸೈನ್ ಮಾಡೋದು ನನ್ನ ಕೆಲಸ ಅಂತ ಗೊತ್ತಾದರೆ ಸಾಕು, ಅಪಾರ್ಟ್‌ಮೆಂಟ್ ಲಿಫ್ಟ್‌ನಿಂದ ಹಿಡಿದು ಮದುವೆಮನೆ ಊಟದ ಸಾಲಿನವರೆಗೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: “ನಮ್ಮ ಪಾಪುಗೆ ಯಾವ ಆ್ಯಪ್ ಹಾಕಿಕೊಡೋಣ?” ಒಂದೇ ಹೆಸರು ಎಲ್ಲ ಮಕ್ಕಳಿಗೂ ಹೊಂದಲ್ಲ. ಅದರ ಬದಲು ನಾನೇ ಬಳಸುವ ಒಂದು ಪರೀಕ್ಷೆ ಹೇಳಿಬಿಡುತ್ತೇನೆ. ಎರಡು ನಿಮಿಷದ ಕೆಲಸ.

ಆಟದಿಂದ ಪಾಠವನ್ನು ಕಿತ್ತು ಹಾಕಿ ನೋಡಿ. ಉದಾಹರಣೆಗೆ, ಕೋತಿಯೊಂದು ಮರ ಹತ್ತುತ್ತಿದೆ. ನಡುವೆ “7 × 8 ಎಷ್ಟು?” ಅಂತ ಪ್ರಶ್ನೆ ಬರುತ್ತೆ. ಸರಿ ಉತ್ತರ ಒತ್ತಿದರೆ ಕೋತಿ ಒಂದು ಕೊಂಬೆ ಮೇಲಕ್ಕೆ. ಈಗ ಮಗ್ಗಿಯ ಜಾಗದಲ್ಲಿ ರಾಜ್ಯಗಳ ರಾಜಧಾನಿ ಕೇಳಿ. ಕೋತಿ ಹಾಗೇ ಹತ್ತುತ್ತೆ! ಅಂದರೆ ಆಟಕ್ಕೂ ಗಣಿತಕ್ಕೂ ಸಂಬಂಧವೇ ಇಲ್ಲ. ಹಾಗಲಕಾಯಿಗೆ ಬೆಲ್ಲ ಸವರಿದ್ದಾರೆ, ಅಷ್ಟೆ. ಮಕ್ಕಳು ಜಾಣರು, ಬೆಲ್ಲ ನೆಕ್ಕಿ ಕಾಯಿ ಉಗುಳುತ್ತಾರೆ.

ನಾಲ್ಕು ಆಯ್ಕೆ ಇದ್ದರೆ ಪ್ರಶ್ನೆ ಓದದೇ ಒತ್ತಿದರೂ ಸರಾಸರಿ ನಾಲ್ಕರಲ್ಲಿ ಒಂದು ಸರಿಯಾಗುತ್ತೆ. ತಪ್ಪಿದರೆ ಏನೂ ಕಳೆದುಕೊಳ್ಳಲ್ಲ ಅಂತ ಗೊತ್ತಾದರಂತೂ ನಾಲ್ಕನ್ನೂ ಸಾಲಾಗಿ ಒತ್ತುತ್ತಾರೆ. ಇಂಥದ್ದೊಂದು ಹಳೆಯ ಕ್ವಿಜ್ ಗೇಮನ್ನು ಮಕ್ಕಳು ಹೇಗೆ ಆಡುತ್ತಾರೆ ಅಂತ ನೋಡಲು ಕೂತಿದ್ದಾಗ ಒಂಬತ್ತು ವರ್ಷದ ಹುಡುಗನೊಬ್ಬ ನನಗೇ ಪಾಠ ಮಾಡಿದ: “ಅಣ್ಣಾ, ಓದ್ತಾ ಕೂತ್ಕೋಬೇಡಿ, ಟೈಮ್ ವೇಸ್ಟು.” ಡ್ಯಾಶ್‌ಬೋರ್ಡಿನಲ್ಲಿ ಅವನೇ ಟಾಪರ್.

ಇದಕ್ಕೆ ತದ್ವಿರುದ್ಧ ನಮ್ಮ ಅಜ್ಜಿಯರ ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಂದಿಷ್ಟು ಹುಣಸೆ ಬೀಜ. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತೆ ಅಂತ ಮೊದಲೇ ಲೆಕ್ಕ ಹಾಕಬೇಕು. ಇಲ್ಲಿ ಎಣಿಕೆಯನ್ನು ಕಿತ್ತು ಹಾಕಿದರೆ ಆಟವೇ ಉಳಿಯಲ್ಲ. ಲೆಕ್ಕವೇ ಆಟ.

ಫೋನಿನಲ್ಲೂ ಇದು ಸಾಧ್ಯ. 2012ರಲ್ಲಿ ನಾರ್ವೆಯಿಂದ ಬಂದ ಡ್ರ್ಯಾಗನ್‌ಬಾಕ್ಸ್ ಅನ್ನುವ ಆಟದಲ್ಲಿ ಮಕ್ಕಳು ಚಿತ್ರದ ಕಾರ್ಡುಗಳನ್ನು ಎರಡು ಬದಿಯಲ್ಲಿ ಜೋಡಿಸುತ್ತಾ ಹೋಗುತ್ತಾರೆ. ನಿಧಾನಕ್ಕೆ ಚಿತ್ರಗಳು ಮರೆಯಾಗಿ ಅಕ್ಷರ, ಸಂಖ್ಯೆ ಬರುತ್ತವೆ. ನೋಡಿದರೆ ಮಗು ಬೀಜಗಣಿತದ ಸಮೀಕರಣ ಬಿಡಿಸುತ್ತಿದೆ! ಆದರೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಶಾಲೆಗಳಲ್ಲಿ ಪರೀಕ್ಷಿಸಿದಾಗ ಒಂದು ಮಾತು ಹೊರಬಿತ್ತು: ಇದನ್ನು ಖುಷಿಯಿಂದ ಆಡಿದ ಮಕ್ಕಳಿಗಿಂತ, ಸಮೀಕರಣ ಕಲಿಸುವ ಸಾದಾ ಸಾಫ್ಟ್‌ವೇರ್ ಬಳಸಿದ ಮಕ್ಕಳೇ ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದರು. ಆಟದೊಳಗೆ ಬಂದದ್ದು ತಾನಾಗೇ ಆಟದ ಹೊರಗೆ ಬರಲ್ಲ. ನಡುವೆ ಯಾರಾದರೂ ಸೇತುವೆ ಕಟ್ಟಬೇಕು.

ಈ ಸೇತುವೆಯ ವಿಷಯದಲ್ಲೇ ಈಗ ನಮ್ಮ ಆಫೀಸಿನಲ್ಲಿ ಜಗಳ. ನಾಲ್ಕನೇ ಕ್ಲಾಸಿನವರಿಗೆ ಭಿನ್ನರಾಶಿಯ ಆಟ ಮಾಡುತ್ತಿದ್ದೇವೆ. 8 ದೊಡ್ಡದು, ಹಾಗಾಗಿ 1/8 ಕೂಡ 1/4ಕ್ಕಿಂತ ದೊಡ್ಡದು ಅಂತ ತುಂಬಾ ಮಕ್ಕಳು ನಂಬಿರುತ್ತಾರೆ. ನಮ್ಮ ಆಟದಲ್ಲಿ ಎರಡು ಪಂಕ್ತಿ. ಒಂದರಲ್ಲಿ ನಾಲ್ಕು ಜನ, ಇನ್ನೊಂದರಲ್ಲಿ ಎಂಟು. ಪ್ರತಿ ಪಂಕ್ತಿಗೂ ಒಂದೇ ಅಳತೆಯ ಒಂದೊಂದು ಹೋಳಿಗೆ. ದೊಡ್ಡ ತುಂಡು ಬೇಕಾದರೆ ಎಲ್ಲಿ ಕೂರ್ತೀಯ? ಎಂಟರ ಪಂಕ್ತಿಗೆ ಓಡಿ ಕೂತವರು ಎಲೆಗೆ ಬಿದ್ದ ಚೂರು ನೋಡಿ ಸುಮ್ಮನಾಗುತ್ತಾರೆ. ಮುಂದಿನ ಸಲ ಯೋಚಿಸಿ ಕೂರುತ್ತಾರೆ. ಕೊನೆಯ ಹಂತದಲ್ಲಿ ಆಟ ಹೇಳುತ್ತೆ: ಫೋನ್ ಪಕ್ಕಕ್ಕಿಡು, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಮನೆಯವರಿಗೆ ವಿವರಿಸು.

ಆ ಹಂತ ತೆಗೆದುಬಿಡಿ ಅಂತ ಒತ್ತಡ ಇದೆ. ಮಗು ಫೋನ್ ಕೆಳಗಿಟ್ಟರೆ ವಾಪಸ್ ಬರದೇ ಇರಬಹುದು, ದಿನಕ್ಕೆ ಎಷ್ಟು ನಿಮಿಷ ಆಡಿದರು ಅನ್ನುವ ಸಂಖ್ಯೆ ಬೀಳುತ್ತೆ. ಹೂಡಿಕೆದಾರರು ನೋಡೋದು ಆ ಸಂಖ್ಯೆಯನ್ನೇ. ಅವರ ಚಿಂತೆ ನನಗೂ ಅರ್ಥವಾಗುತ್ತೆ, ನನ್ನ ಸಂಬಳ ಬರೋದೂ ಅಲ್ಲಿಂದಲೇ. ಆದರೆ ಭಿನ್ನರಾಶಿ ಅರ್ಥವಾದ ಮಗು ಎದ್ದು ಹೋಗೋದೇ ನ್ಯಾಯ ಅಲ್ವಾ? ಎರಡು ವಾರ ವಾದ ಮಾಡಿದ ಮೇಲೆ ಒಂದು ಒಪ್ಪಂದ ಆಗಿದೆ. ಆ ಹಂತ ಮೂರು ತಿಂಗಳು ಇರುತ್ತೆ, ಆಮೇಲೆ ಮತ್ತೆ ಮೀಟಿಂಗ್.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಾಗುವ ಕೆಲಸ ಒಂದಿದೆ. ಮಗು ಯಾವ ಆ್ಯಪ್‌ನಲ್ಲೇ ಆಡಿರಲಿ, ಮುಗಿದ ಮೇಲೆ ಸ್ಕೋರ್ ಕೇಳಬೇಡಿ. ಒಂದು ಹಾಳೆ, ಪೆನ್ಸಿಲ್ ಕೊಟ್ಟು “ಏನ್ ಆಡಿದೆ, ನಂಗೂ ಹೇಳ್ಕೊಡು” ಅನ್ನಿ. ಮೊನ್ನೆ ಟ್ರಯಲ್‌ಗೆ ಬಂದಿದ್ದ ಹುಡುಗಿಯೊಬ್ಬಳು ವೃತ್ತ ಬರೆದು ಎಂಟು ಗೆರೆ ಎಳೆದು ತನ್ನ ಅಮ್ಮನಿಗೆ ಹೇಳಿದ್ದಿಷ್ಟು: “ಎಂಟರಲ್ಲಿ ಒಂದು ಅಂದ್ರೆ ಚಿಕ್ಕದಮ್ಮಾ. ಜನ ಜಾಸ್ತಿ ಅಲ್ವಾ?”